ಬೆನ್ನ ಹಿಂದಿನ ದೇವರು

ಶನಿವಾರ ಜರ್ಮನಿಯ ಲೈಪ್‌ಜಿಗ್‌ನ ಥಾಮಸ್ ಚರ್ಚಿನಲ್ಲಿ ಸಂಗೀತ ಕೇಳಿ, ಹೊರಗೆ ಸಂಗೀತಗಾರ ಬಾಖ್ ಪ್ರತಿಮೆಯ ಹತ್ತಿರ ನಿಂತಿದ್ದೆವು. ರಘು ಜೇಬಿಗೆ ಕೈ ಹಾಕಿದ. ಪರ್ಸ್ ಅಂದುಕೊಂಡೆವು. ಬಂದದ್ದು ಕವಿತೆ.

"ದೇವರು ಬೆನ್ನ ಹಿಂದಿನಿಂದ ಬಂದ
ಯಾರೋ ತುಳಿದ ಉಸಿರು ನನ್ನೆದೆಗೆ ಬಂತು
ಸತ್ತವನು ಮುಂದೆ ಮಲಗಿ ಕೇಳುತ್ತಿದ್ದ"

ಗಿರಿ ಕಣ್ಣು ಮುಚ್ಚಿದ. "ಬೆನ್ನ ಹಿಂದೆ ಅಂದ್ರೆ ಸಾವು. ಪಕ್ಕಾ ನವ್ಯ."

"ಸಾವಲ್ಲ ಕಣೋ, ಕತ್ತು ನೋವು!" ಅಂದಳು ಸುಮಾ. "ಆ ಕೊಳವೆಗಳ ದೊಡ್ಡ ವಾದ್ಯ, ಆರ್ಗನ್, ಇರೋದು ಹಿಂದಿನ ಅಟ್ಟದ ಮೇಲೆ. ಚರ್ಚಿನ ಹುಡುಗರು ಹಾಡಿದ್ದೂ ಅಲ್ಲಿಂದಲೇ. ಒಂದು ಗಂಟೆ ಬರೀ ಮುಂದಕ್ಕೆ ನೋಡ್ಕೊಂಡು ಕೂತಿದ್ದೆ. ವಿದ್ವಾಂಸರ ಮುಖ ಕಾಣದೆ ತಲೆದೂಗೋದು ಹೇಗೆ? ತೊಡೆ ಮೇಲೆ ತಾಳ ಹಾಕಿದ್ರೆ ಪಕ್ಕದ ಅಜ್ಜಿ ಗುರಾಯಿಸ್ತು."

"ಹೋಗಲಿ, ಸತ್ತವನು? ಅದು ಕವಿಯ ಅಹಂಕಾರ."

"ಅದು ಬಾಖ್ ಕಣೋ," ಅಂದೆ. 1723ರಿಂದ 1750ರವರೆಗೆ, ಸಾಯುವ ತನಕ, ಇದೇ ಚರ್ಚಿನ ಹುಡುಗರಿಗೆ ಹಾಡು ಕಲಿಸಿದವನು. ಮೊದಲು ಹೂತದ್ದು ಬೇರೆ ಚರ್ಚಿನ ಸ್ಮಶಾನದಲ್ಲಿ, ಆಮೇಲೆ ಆ ಚರ್ಚಿನೊಳಗೆ ಇಟ್ಟರು. ಆ ಚರ್ಚು ಎರಡನೇ ಮಹಾಯುದ್ಧದಲ್ಲಿ ಹಾಳಾದ ಮೇಲೆ ಇಲ್ಲಿಗೆ ತಂದರು. ಈಗ ಗೋರಿ ಮುಂದೆ, ಹಾಡು ಹಿಂದೆ. ಹುಡುಗರು ಶ್ರುತಿ ತಪ್ಪಿದರೂ ಪಾಪ, ಮೇಷ್ಟ್ರು ಎದ್ದು ಬಂದು ಬೈಯುವಂತಿಲ್ಲ.

ಗಿರಿ ಅಷ್ಟಕ್ಕೆ ಬಿಡುವವನಲ್ಲ. "ತುಳಿದ ಉಸಿರು? ಅದಂತೂ ಬಂಡಾಯ. ತುಳಿತಕ್ಕೊಳಗಾದವರ ಉಸಿರು!"

ಇಲ್ಲಿ ಮಾತ್ರ ನನಗೆ ಗಿರಿ ಮೇಲೆ ಗೌರವ ಬಂತು. ಬಾಖ್ ಕಾಲದಲ್ಲಿ ಕರೆಂಟ್ ಎಲ್ಲಿತ್ತು? ಆರ್ಗನ್ನಿಗೆ ಗಾಳಿ ಬೇಕು. ಕಮ್ಮಾರನ ತಿದಿ ಇರುತ್ತಲ್ಲ, ಅಂಥ ದೊಡ್ಡ ದೊಡ್ಡ ತಿದಿಗಳನ್ನು ಆಳುಗಳು ಕಾಲಿನಿಂದ ತುಳಿಯುತ್ತಿದ್ದರು. ಅವರು ನಿಂತರೆ ಬಾಖ್ ಎಷ್ಟು ಒತ್ತಿದರೂ ಆರ್ಗನ್ ಗಪ್‌ಚಿಪ್. ಈಗ ಆ ಕೆಲಸ ಮೋಟರಿನದು. ಇಷ್ಟೆಲ್ಲ ಒಂದು ಸಾಲಿನಲ್ಲಿ ತುಂಬಿದ್ದಾನಲ್ಲ! ರಘುವಿನ ಬೆನ್ನು ತಟ್ಟಿದೆ.

"ಯಾವ ತಿದಿ?" ಅಂದ ರಘು. "ತಡವಾಗಿ ಬಂದ ಒಬ್ಬ ನಮ್ಮ ಬೆಂಚಿಗೆ ನುಗ್ಗಿದನಲ್ಲ, ನನ್ನ ಕಾಲು ತುಳಿದ. ಬಗ್ಗಿ ಸಾರಿ ಕೇಳಿದ. ಬರೀ ಬೆಳ್ಳುಳ್ಳಿ ವಾಸನೆ."

ಗಿರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓದುಗ ಕಂಡದ್ದೇ ಅರ್ಥ. ಕವಿಯನ್ನು ಕೇಳಬಾರದು," ಅಂದ.

"ಕಾಫಿ ಕೇಳಬಹುದಲ್ವಾ?" ಅಂದಳು ಸುಮಾ.

ರಘು ತಲೆ ಎತ್ತಿ ಪ್ರತಿಮೆ ನೋಡಿದ. ಬಾಖ್ ಕೋಟಿನ ಒಂದು ಜೇಬು ಒಳಗಿನದು ಹೊರಗಾಗಿದೆ, ಕಾಸಿಲ್ಲ ಅನ್ನುವ ಹಾಗೆ. ರಘು ತನ್ನ ಜೇಬನ್ನೂ ಹಾಗೇ ಎಳೆದು ತೋರಿಸಿದ.