ಸಹಾಯ ಬೇಕು: ವಾಲ್‌ಮಾರ್ಟ್ ಜರ್ಮನಿಯಲ್ಲಿ ಸೋತದ್ದೇಕೆ?

ಎಂ.ಕಾಂ. ಸೆಮಿನಾರ್‌ಗೆ ಈ ವಿಷಯ ಆರಿಸಿಕೊಂಡು ಸಿಕ್ಕಿಬಿದ್ದಿದ್ದೇನೆ. 1997ರಲ್ಲಿ ಜರ್ಮನಿಗೆ ಹೋದ ಅಮೆರಿಕದ ಚಿಲ್ಲರೆ ಮಾರಾಟ ಸಂಸ್ಥೆ ವಾಲ್‌ಮಾರ್ಟ್, 2006ರಲ್ಲಿ 85 ಮಳಿಗೆಗಳನ್ನು ಅಲ್ಲಿನದೇ ಮಾರಾಟ ಸಂಸ್ಥೆಯಾದ ಮೆಟ್ರೊ ಕಂಪನಿಗೆ ಮಾರಿ ಹೊರಬಂದಿತು. ಓದಿದಲ್ಲೆಲ್ಲ ಒಂದೇ ಕಥೆ: ಸಿಬ್ಬಂದಿ ನಗುನಗುತ್ತ ಸ್ವಾಗತಿಸಿದ್ದು ಜರ್ಮನ್ನರಿಗೆ ಹಿಡಿಸಲಿಲ್ಲವಂತೆ. ನಕ್ಕಿದ್ದಕ್ಕೆ ಅಂಗಡಿ ಮುಚ್ಚಿತು ಎಂದು ಬರೆದರೆ ನಮ್ಮ ಮೇಷ್ಟ್ರು ನನ್ನನ್ನು ನೋಡಿ ನಗುತ್ತಾರೆ!

ಇನ್ನಷ್ಟು ಹುಡುಕಿದೆ. ಕೆಲವು ದಿನಬಳಕೆ ಪದಾರ್ಥಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದೆಂದು 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಕಚೇರಿ ವಾಲ್‌ಮಾರ್ಟನ್ನು ತಡೆಯಿತು. ಆದರೆ ಆ ಆದೇಶ ಜರ್ಮನಿಯದೇ ಅಗ್ಗದ ಅಂಗಡಿಗಳಾದ ಆಲ್ಡಿ ನಾರ್ಡ್, ಲಿಡ್ಲ್‌ಗಳಿಗೂ ಅನ್ವಯಿಸಿತ್ತು. ಅವು ಬೆಳೆದವು, ವಾಲ್‌ಮಾರ್ಟ್ ಗಂಟುಮೂಟೆ ಕಟ್ಟಿತು. ಕಾನೂನೇ ಕಾರಣ ಎಂಬ ನನ್ನ ವಾದ ಇಲ್ಲೇ ಮುರಿದು ಬೀಳುತ್ತಿದೆ.

ಚಿಲ್ಲರೆ ವ್ಯಾಪಾರ ಬಲ್ಲವರು ದಯವಿಟ್ಟು ತಿಳಿಸಿ: ಮುಖ್ಯ ಕಾರಣವಾಗಿ ಕಾನೂನನ್ನು ಹಿಡಿಯಲೇ, ಮೊದಲೇ ಬೇರೂರಿದ್ದ ಅಗ್ಗದ ಅಂಗಡಿಗಳ ಪೈಪೋಟಿಯನ್ನೇ?