ಕ್ಯಾಲ್ಕುಲೇಟರ್ ಬಿಟ್ಟು ಬಾಯಿಲೆಕ್ಕ: ನಿಮಗೆ ಹೇಗೆ ರೂಢಿಯಾಯಿತು?

ಪ್ರಶ್ನೆ: ಎರಡಂಕಿಯ ಸಂಖ್ಯೆಗಳನ್ನು ಕೂಡಿಸಬೇಕೆಂದರೂ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಮನಸ್ಸಿನಲ್ಲೇ ಮಾಡಲು ಹೋದರೆ ದಶಕ ಒಯ್ಯುವಷ್ಟರಲ್ಲಿ ಮೊದಲಿನ ಅಂಕಿ ಮರೆತಿರುತ್ತದೆ. ಇದರಿಂದ ಹೊರಬಂದವರು ದಯವಿಟ್ಟು ತಿಳಿಸಿ.

ಉತ್ತರ: ನನ್ನದೂ ಇದೇ ಕಥೆಯಾಗಿತ್ತು. ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ, ನಡುವಿನ ಅಂಕಿಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬಿಡಿಸ್ಥಾನದಿಂದ ಶುರುಮಾಡುವ ಕ್ರಮ ಹಾಳೆಗೆ ಸರಿ. ಬಾಯಿಲೆಕ್ಕಕ್ಕೆ ಎಡದಿಂದ ಹೊರಡಿ. 47ಕ್ಕೆ 38 ಕೂಡಿಸಬೇಕೆ? 47ಕ್ಕೆ 30 ಸೇರಿಸಿ, 77. ಅದಕ್ಕೆ 8, 85. ಯಾವ ಹಂತದಲ್ಲೂ ನೆನಪಿಡಬೇಕಾದ್ದು ಒಂದೇ ಮೊತ್ತ. ಗುಣಾಕಾರವೂ ಹಾಗೆಯೇ: 36ನ್ನು 7ರಿಂದ ಗುಣಿಸಲು ಮೊದಲು 210, ಆಮೇಲೆ 42, ಒಟ್ಟು 252.

ಕಳೆಯುವಾಗ ಸಾಲ ತರುವ ಗೋಜಿಗೇ ಹೋಗಬೇಡಿ, ಮೆಟ್ಟಿಲು ಹತ್ತಿ. 503ರಲ್ಲಿ 278 ಹೋದರೆ? 278ರಿಂದ 300ಕ್ಕೆ 22, ಅಲ್ಲಿಂದ 503ಕ್ಕೆ 203, ಒಟ್ಟು 225. ಮೊದಮೊದಲು ಫೋನೇ ಬೇಗ ಅನಿಸಿ ಸಿಟ್ಟು ಬರುತ್ತಿತ್ತು. ದಿನಕ್ಕೆ ಐದೇ ನಿಮಿಷ, ಆದರೆ ಒಂದು ದಿನವೂ ತಪ್ಪಿಸದೆ ಮಾಡಿದ್ದರಿಂದ ಹಿಡಿತಕ್ಕೆ ಬಂತು.

ಉತ್ತರ: ಮೇಲಿನದೆಲ್ಲ ಒಪ್ಪುತ್ತೇನೆ, ಆದರೆ ಮಗ್ಗಿ ಗಟ್ಟಿಯಿಲ್ಲದಿದ್ದರೆ ಯಾವುದೂ ನಡೆಯದು. ನಾನು ಏಳು, ಎಂಟರ ಮಗ್ಗಿಯಲ್ಲಿ ಎಡವುತ್ತಿದ್ದೆ. ನಾಚಿಕೆ ಬಿಟ್ಟು ಮತ್ತೆ ಬಾಯಿಪಾಠ ಮಾಡಿದೆ.

ಉತ್ತರ: ಸಂಖ್ಯೆಯನ್ನು ನಿಮಗೆ ಬೇಕಾದಂತೆ ತಿರುಗಿಸಿಕೊಳ್ಳಿ. ಸಮಸಂಖ್ಯೆಯನ್ನು 5ರಿಂದ ಗುಣಿಸುವುದೆಂದರೆ ಅರ್ಧ ಮಾಡಿ ಸೊನ್ನೆ ಸೇರಿಸುವುದು: 68 ಐದಲೆ 340. 25ರ ಶೇ. 16 ಕಷ್ಟವೆನಿಸಿದರೆ 16ರ ಶೇ. 25 ತೆಗೆಯಿರಿ, ಎರಡೂ 4. ನನಗೆ ತುಂಬ ಇಷ್ಟವಾದದ್ದು 48 ಗುಣಿಸು 52. ಎರಡೂ 50ರಿಂದ 2 ದೂರ, ಹಾಗಾಗಿ 50ರ ವರ್ಗ 2500ರಲ್ಲಿ 2ರ ವರ್ಗ 4 ಕಳೆದರೆ 2496. ಇದು ಮೊದಲ ಸಲ ಹೊಳೆದಾಗ ಆದ ಸಂತೋಷವೇ ನನ್ನನ್ನು ಮುಂದೆ ಎಳೆದುಕೊಂಡು ಹೋಯಿತು.

ಉತ್ತರ: ಫೋನನ್ನು ಪೂರ್ತಿ ಬಿಡಬೇಕಿಲ್ಲ, ಸರದಿ ಬದಲಿಸಿ. ಮೊದಲು ಅಂದಾಜು: 49 ಗುಣಿಸು 21 ಎಂದರೆ ಸುಮಾರು 1000. ನಂತರ ಮನಸ್ಸಿನಲ್ಲಿ ನಿಖರ ಲೆಕ್ಕ, 1029. ಕೊನೆಗೆ ತಾಳೆ ನೋಡಲು ಫೋನ್. ಅಂದಾಜಿನ ಅಭ್ಯಾಸವಿದ್ದರೆ ಒಂದು ಸೊನ್ನೆ ಹೆಚ್ಚಾಗಿ ಒತ್ತಿದ್ದೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಕೇಳಿದವರು: ಈಗಷ್ಟೇ 86ಕ್ಕೆ 57 ಕೂಡಿಸಿದೆ. 136, 143. ಮರೆಯಲಿಲ್ಲ! ಕಳೆಯುವುದನ್ನು ನಾಳೆ ಹಿಡಿಯುತ್ತೇನೆ.