ತಾಯಿಗೆ ಸೋಂಕಿದ್ರೆ ಮಗುವಿನ ಚಾರ್ಟ್‌ಗೆ ಯಾವ ಕೋಡ್? ಅನುಭವ ಇರೋರು ಹೇಳಿ

ಪ್ರಶ್ನೆ (ಹಾಸನ): ಶಿಶು ಘಟಕದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಈಗ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಕೋಡಿಂಗ್ (ಚಾರ್ಟ್ ಓದಿ ಕಾಯಿಲೆಗಳಿಗೆ ಪಟ್ಟಿಯ ಕೋಡ್ ಹಾಕೋ ಕೆಲಸ) ಕಲೀತಿದ್ದೀನಿ. ಒಂದು ಚಾರ್ಟ್ ಹೀಗಿದೆ: ಹೆರಿಗೆ ವೇಳೆ ತಾಯಿಗೆ ಜ್ವರ, ಮಗುವಿಗೆ 48 ಗಂಟೆ ಆ್ಯಂಟಿಬಯಾಟಿಕ್, ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತಾ ನೋಡೋ ಪರೀಕ್ಷೆ) ನೆಗೆಟಿವ್, ಮನೆಗೆ ಕಳಿಸಿದ್ದಾರೆ. ಪಿ00.2 (ತಾಯಿಯ ಸೋಂಕಿನಿಂದ ಮಗುವಿಗೆ ತೊಂದರೆ), ಪಿ36.9 (ಮಗುವಿಗೇ ಸೆಪ್ಸಿಸ್, ಅಂದ್ರೆ ರಕ್ತಕ್ಕೆ ಹರಡಿದ ಸೋಂಕು), ಝಡ್05.1 (ಸೋಂಕಿನ ಅನುಮಾನಕ್ಕೆ ನೋಡಿ, ಇಲ್ಲ ಅಂತ ಆದದ್ದು), ಮೂರರಲ್ಲಿ ಯಾವುದು? ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ.

ಉತ್ತರ (ಹಾಸನ, ಒಳರೋಗಿ ಚಾರ್ಟ್‌ಗಳ ಆಡಿಟ್ ಮಾಡೋರು): ಸಿಸ್ಟರ್, ವಾರ್ಡಿನಿಂದ ಬಂದೋರಿಗೆಲ್ಲ ಇದೇ ತೊಡಕು. ಜೆಂಟಾಮೈಸಿನ್ ಆ್ಯಂಟಿಬಯಾಟಿಕ್ ಹಾಕಿದ್ದು ಕಂಡರೆ ಸಾಕು, ತಲೇಲಿ ಸೆಪ್ಸಿಸ್ ಅಂತ ತೀರ್ಮಾನ ಆಗೋಗಿರುತ್ತೆ. ಕೋಡರ್‌ಗೆ ಆ ಅಧಿಕಾರ ಇಲ್ಲ. ಔಷಧಿ, ಸಿಆರ್‌ಪಿ (ಉರಿಯೂತ ತೋರಿಸೋ ರಕ್ತಪರೀಕ್ಷೆ), ತಾಯಿಯ ಜ್ವರ ಯಾವುದೂ ಮಗುವಿನ ಡಯಾಗ್ನೋಸಿಸ್ ಅಲ್ಲ. ಡಾಕ್ಟರು ಮಗುವಿನ ಬಗ್ಗೆ ಏನು ಬರೆದಿದ್ದಾರೋ ಅದನ್ನೇ ಹಿಡೀಬೇಕು.

ಮಗುವಿಗೆ ಯಾವ ಲಕ್ಷಣವೂ ಇಲ್ಲದೆ, ಸೋಂಕಿನ ಅನುಮಾನಕ್ಕೆ ನೋಡಿ, ಕೊನೆಗೆ ಇಲ್ಲ ಅಂತ ಬರೆದಿದ್ರೆ ಝಡ್05.1. ಹುಟ್ಟಿದ ಆಸ್ಪತ್ರೆಯದೇ ದಾಖಲೆ ಆದ್ರೆ ಝಡ್38 (ಮಗು ಇಲ್ಲೇ ಹುಟ್ಟಿತು ಅನ್ನೋ ಕೋಡ್) ಮೊದಲು ಬರುತ್ತೆ, ಇದು ಆಮೇಲೆ. ಮಗು ಏದುಸಿರು ಬಿಡ್ತಿತ್ತು, ಹಾಲು ಕುಡೀತಿರಲಿಲ್ಲ ಅಂತಿದ್ರೆ ಝಡ್05 ನಡೆಯಲ್ಲ, ಆ ಲಕ್ಷಣದ ಕೋಡೇ ಹಾಕಬೇಕು. ತಾಯಿಯ ಕಾಯಿಲೆಯಿಂದ ಮಗುವಿಗೆ ತೊಂದರೆ ಆಗಿದೆ, ಅಥವಾ ಆಗೋ ಸಂಭವ ಇದೆ ಅಂತ ಡಾಕ್ಟರೇ ಸಂಬಂಧ ಕಟ್ಟಿದ್ರೆ ಪಿ00 ಕಡೆ ಹೋಗಿ. ಮಗುವಿಗೇ ಸೋಂಕು ಅಂದ್ರೆ ಪಿ35ರಿಂದ ಪಿ39.

ಇನ್ನು ಪಿ00.2. ತಾಯಿಗೆ ಏನೇ ಸೋಂಕಿದ್ರೂ ಅದನ್ನೇ ತುಂಬೋರು ಬಹಳ ಜನ. ಮೂತ್ರದ ಸೋಂಕಿಗೆ ಪಿ00.1 ಇದೆ. ಕೋರಿಯೋ ಆಮ್ನಿಯೋನೈಟಿಸ್ (ಗರ್ಭಚೀಲದ ಪೊರೆಗಳ ಸೋಂಕು) ಇದ್ರೆ ಪಿ02.7 ಗುಂಪಿಗೆ ಹೋಗುತ್ತೆ. ತಾಯಿ ಜಿಬಿಎಸ್ (ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ) ಪಾಸಿಟಿವ್ ಅಂತಿದ್ರೆ 2021ರ ಅಕ್ಟೋಬರ್‌ನಿಂದ ಪಿ00.82 ಅನ್ನೋ ಪ್ರತ್ಯೇಕ ಕೋಡೇ ಬಂದಿದೆ. ಅಮೆರಿಕದಲ್ಲಿ 36–37 ವಾರಕ್ಕೆ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡ್ತಾರೆ, ಹಾಗಾಗಿ ಇದು ದಿನಾ ಸಿಗುತ್ತೆ. ನಮ್ಮ ಕಡೆ ಆ ರೂಢಿ ಇಲ್ಲ, ಹೊಸಬರು ಗಾಬರಿ ಬೀಳೋದು ಅದಕ್ಕೇ. ತಾಯಿಯ ಗರ್ಭ, ಹೆರಿಗೆಗೆ ಹಾಕೋ ‘ಓ’ ಕೋಡ್‌ಗಳು ಮಗುವಿನ ಚಾರ್ಟ್‌ಗೆ ಯಾವತ್ತೂ ಬರಬಾರದು, ಮಗುವಿನ ‘ಪಿ’ ಕೋಡ್ ತಾಯಿಯದಕ್ಕೂ ಹಾಗೇ.

ಒಂದು ಕಡೆ ಮಾತ್ರ ಹುಷಾರು. ಡಿಸ್ಚಾರ್ಜ್ ಸಮರಿಯ ಕೊನೇಲಿ ‘ಪ್ರಾಬಬಲ್ ಸೆಪ್ಸಿಸ್’ (ಸೆಪ್ಸಿಸ್ ಇರೋ ಸಂಭವ) ಅಂತ ಉಳಿದಿದ್ರೆ ಒಳರೋಗಿ ಕೋಡಿಂಗ್‌ನಲ್ಲಿ ಸೆಪ್ಸಿಸ್ ಇದೆ ಅಂತಲೇ ಲೆಕ್ಕ ಹಿಡೀಬೇಕು. ಕಲ್ಚರ್ ನೆಗೆಟಿವ್ ಅಂತ ನೀವಾಗೇ ತೆಗೆದುಹಾಕೋ ಹಾಗಿಲ್ಲ. ಎರಡಕ್ಕೂ ತಾಳೆ ಆಗ್ತಿಲ್ಲ ಅನ್ನಿಸಿದ್ರೆ ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳೋ ಲಿಖಿತ ಪ್ರಶ್ನೆ) ಹಾಕಿ. ಅದರಲ್ಲಿ ‘ಸೆಪ್ಸಿಸ್ ಅಂತ ಬರೀತೀರಾ?’ ಅಂತ ಕೇಳಬೇಡಿ. ಕಂಡದ್ದನ್ನ ಇಟ್ಟು, ದೃಢಪಟ್ಟಿದೆ, ಇಲ್ಲವೆಂದು ತೀರ್ಮಾನ, ಬೇರೆ ಏನಾದರೂ, ಹೇಳಲಾಗದು ಅಂತ ಆಯ್ಕೆ ಕೊಡಿ.

ಉತ್ತರ (ಚಿಕ್ಕಮಗಳೂರು, ಮೆಡಿಕಲ್ ರೆಕಾರ್ಡ್ಸ್): ಮೇಲಿನವರು ಹೇಳಿದ್ದು ಅಮೆರಿಕದ ಪಟ್ಟಿಯ ಲೆಕ್ಕ. ನಮ್ಮ ಆಸ್ಪತ್ರೆಗಳಲ್ಲಿ ಬಳಸೋ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿ ಐಸಿಡಿ-10ರಲ್ಲಿ ಪಿ00.2, ಪಿ36 ಇವೆ, ಪಿ00.82 ಹುಡುಕಿದ್ರೆ ಸಿಗಲ್ಲ. ಎರಡನ್ನೂ ಕಲಸಿಕೊಳ್ಳಬೇಡಿ.

ಝಡ್38 ಬಗ್ಗೆ ಒಂದು ಮಾತು ಸೇರಿಸ್ತೀನಿ. ಅದು ಹುಟ್ಟಿದ ಆಸ್ಪತ್ರೆಯಲ್ಲಿ ಒಂದೇ ಸಲ. ಮೂಡಿಗೆರೆಯಲ್ಲಿ ಹೆರಿಗೆಯಾಗಿ ಮಗು ಜಿಲ್ಲಾಸ್ಪತ್ರೆಯ ಔಟ್‌ಬಾರ್ನ್ ವಾರ್ಡಿಗೆ ಬರುತ್ತಲ್ಲ, ಅಂಥದ್ದೇ ಚಾರ್ಟ್ ನಿಮಗೆ ಸಿಕ್ಕಿದ್ರೆ ಸೇರಿಸಿಕೊಂಡ ಆಸ್ಪತ್ರೆಗೆ ಝಡ್38 ಇಲ್ಲ.

ಉತ್ತರ (ಸಕಲೇಶಪುರ, ಹೆರಿಗೆ ವಾರ್ಡ್): ಕೋಡ್ ನನಗೆ ಗೊತ್ತಾಗಲ್ಲ, ಬರೆಯೋ ಕಡೆಯಿಂದ ಹೇಳ್ತೀನಿ. ನೀರು ಒಡೆದ ಸಮಯ, ತಾಯಿಗೆ ಅತಿ ಹೆಚ್ಚು ಬಂದ ಜ್ವರ ಎಷ್ಟು, ಆ್ಯಂಟಿಬಯಾಟಿಕ್ ಮೊದಲ ಡೋಸ್ ಎಷ್ಟು ಹೊತ್ತಿಗೆ, ಮಗುವಿನ ಕಲ್ಚರ್ ಔಷಧಿಗೆ ಮುಂಚೆ ತೆಗೆದದ್ದೋ ಆಮೇಲೋ, ಇಷ್ಟು ಗಡಿಯಾರ ನೋಡಿ ಬರೆದಿರಬೇಕು. ನೀರು ಒಡೆದು 18 ಗಂಟೆ ದಾಟಿದೆಯಾ ಅನ್ನೋದೇ ಮಕ್ಕಳ ಡಾಕ್ಟರು ಮೊದಲು ಕೇಳೋದು. ‘ಬಹಳ ಹೊತ್ತಾಯ್ತು’ ಅಂತ ಬರೆದ್ರೆ ಯಾರಿಗೆ ಏನು ಪ್ರಯೋಜನ? ತಾಯಿ ಕಾರ್ಡ್‌ನಲ್ಲಿರೋ ವಿಡಿಆರ್‌ಎಲ್ (ಸಿಫಿಲಿಸ್), ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ) ಪರೀಕ್ಷೆಗಳ ಫಲಿತಾಂಶ ಮಗುವಿನ ಕೇಸ್ ಶೀಟ್‌ಗೂ ಇಳಿಸಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ರೆ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಎರಡಕ್ಕೂ ಹುಟ್ಟಿದ 12 ಗಂಟೆ ಒಳಗಿನ ಲೆಕ್ಕ.

ಉತ್ತರ (ಹಾಸನ, ಆಡಿಟ್): ಸಕಲೇಶಪುರದ ಸಿಸ್ಟರ್ ತಾಯಿ ಪಾಸಿಟಿವ್ ಇರೋ ಮಾತೆತ್ತಿದ್ದು ಒಳ್ಳೇದಾಯ್ತು. ಎಚ್‌ಐವಿ ಇರೋ ತಾಯಿಯ ಮಗುವಿಗೆ ‘ಪ್ರಾಬಬಲ್’ ನಿಯಮ ಅನ್ವಯಿಸಲ್ಲ, ದೃಢಪಟ್ಟರೆ ಮಾತ್ರ ಎಚ್‌ಐವಿ ಕೋಡ್. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಕಾಣಿಸಿಕೊಳ್ಳಬಹುದು, ಅದಕ್ಕೇ ಫಲಿತಾಂಶ ಸ್ಪಷ್ಟ ಇಲ್ಲದಿದ್ರೆ ಆರ್75 ಅನ್ನೋ ಕೋಡ್. ನಮ್ಮ ದೇಶದ ಚಾರ್ಟ್ ಆದ್ರೆ 2017ರ ಎಚ್‌ಐವಿ ಕಾಯ್ದೆಯ ಗೋಪ್ಯತೆಯೂ ಬರುತ್ತೆ. ಕೇಸ್ ಶೀಟ್ ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯೋ ಚಾಳಿ ಇನ್ನೂ ಕೆಲವು ಕಡೆ ಇದೆ, ಅದು ತಪ್ಪು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸಮರಿ ಮತ್ತೆ ಓದಿದೆ, ‘ಲಕ್ಷಣಗಳಿಲ್ಲ, ಸೆಪ್ಸಿಸ್ ರೂಲ್ಡ್ ಔಟ್’ ಅಂತ ಸ್ಪಷ್ಟವಾಗಿದೆ. ಝಡ್38.00 (ಸಹಜ ಹೆರಿಗೆಯ ಒಂಟಿ ಮಗು), ಝಡ್05.1 ಹಾಕಿದ್ದೀನಿ. ತಾಯಿಯ ಜ್ವರಕ್ಕೂ ಮಗುವಿಗೂ ಡಾಕ್ಟರು ಎಲ್ಲೂ ಸಂಬಂಧ ಬರೆದಿಲ್ಲ, ಪಿ00 ಬಿಟ್ಟಿದ್ದೀನಿ. ಪಕ್ಕದ ಚಾರ್ಟ್‌ನಲ್ಲಿ ಮಗುವಿಗೆ ಏದುಸಿರು ಇತ್ತು ಅಂತ ನರ್ಸ್ ನೋಟ್‌ನಲ್ಲಿ ಮಾತ್ರ ಇದೆ, ಡಾಕ್ಟರ ನೋಟ್‌ನಲ್ಲಿಲ್ಲ. ಅದಕ್ಕೆ ಕ್ವೆರಿ ಬರೀತಿದ್ದೀನಿ.